ಬಾಗಿಲವಾಡದ ಗಜಲಕ್ಷ್ಮಿಗೆ ತಾಮ್ರದ ಪ್ರತಿ: ಪೀಣ್ಯದ ಒಂದು ಪ್ಲೇಟಿಂಗ್ ಕಾರ್ಯಾಗಾರದ ಕೆಲಸ

ಮಲೆನಾಡಿನ ನಮ್ಮ ಹಳೆಯ ಮನೆ ಪಾಲಾದಾಗ ಬಾಗಿಲವಾಡದ ಮೇಲಿದ್ದ ಮರದ ಗಜಲಕ್ಷ್ಮಿಯ ಫಲಕ ಅಣ್ಣನ ಪಾಲಿಗೆ ಹೋಯಿತು. ನನಗೂ ಅಕ್ಕನಿಗೂ ಅದರ ಒಂದೊಂದು ಪ್ರತಿ ಬೇಕೆನಿಸಿ, ರಬ್ಬರ್ ಅಚ್ಚಿನೊಳಗೆ ವಿದ್ಯುತ್ತಿನಿಂದ ತಾಮ್ರ ಬೆಳೆಸಿಕೊಡುವ ಪೀಣ್ಯದ ಸಣ್ಣ ಕಾರ್ಯಾಗಾರವೊಂದಕ್ಕೆ ಕೆಲಸ ಒಪ್ಪಿಸಿದೆವು.

ಆನೆಯ ಸೊಂಡಿಲು ಹಲಗೆಯಿಂದ ಬಿಡಿಸಿಕೊಂಡು ಮುಂದೆ ಬಾಗಿರುವುದರಿಂದ ಗಟ್ಟಿ ಅಚ್ಚು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಲಿಕೋನ್ ರಬ್ಬರ್ ಮಾತ್ರ ಬಳುಕಿ ಹೊರಬರುತ್ತದೆ. ಆದರೆ ಅದೇ ಬಳುಕು ಮುಂದೆ ತೊಡಕಾಗುತ್ತದೆ. ರಬ್ಬರಿನಲ್ಲಿ ವಿದ್ಯುತ್ ಹರಿಯದ ಕಾರಣ ಅಚ್ಚಿನ ಒಳಮೈಗೆ ಬೆಳ್ಳಿಯ ಪುಡಿ ಬೆರೆತ ಬಣ್ಣ ಬಳಿಯಬೇಕು, ಅಚ್ಚು ಸ್ವಲ್ಪ ಮಡಚಿದರೂ ಆ ಪದರ ಬಿರುಕು ಬಿಡುತ್ತದೆ. ಇವರು ಅಚ್ಚಿನ ಹಿಂದೆ ಪ್ಲಾಸ್ಟರಿನ ಆಸರೆ ಕೊಟ್ಟೇ ತೊಟ್ಟಿಗಿಳಿಸಿದ್ದನ್ನು ನೋಡಿ ಸಮಾಧಾನವಾಯಿತು. ತೊಟ್ಟಿಯಲ್ಲಿರುವುದು ಗಂಧಕಾಮ್ಲ ಬೆರೆಸಿದ ಮೈಲುತುತ್ತದ ನೀರು, ಅಡಿಕೆಗೆ ಔಷಧಿ ಹೊಡೆಯುವವರಿಗೆಲ್ಲ ಪರಿಚಿತವಾದ ಅದೇ ನೀಲಿ.

ಮೊದಲ ಪ್ರತಿ ನಮಗೆ ಒಪ್ಪಿಗೆಯಾಗಲಿಲ್ಲ. ವಿದ್ಯುತ್ತು ಉಬ್ಬಿದ ಭಾಗಗಳಿಗೇ ಹೆಚ್ಚು ಹರಿಯುವುದರಿಂದ ಅಂಚಿನಲ್ಲೆಲ್ಲ ತಾಮ್ರ ಗಂಟುಗಂಟಾಗಿ ಬೆಳೆದು, ಅಚ್ಚಿನಲ್ಲಿ ಆಳದ ಗುಳಿಯಾಗಿದ್ದ ಸೊಂಡಿಲಿನ ತುದಿಯಲ್ಲಿ ಕಾಗದದಷ್ಟು ತೆಳುವಾಗಿ ಎರಡು ತೂತುಗಳು ಉಳಿದಿದ್ದವು. ಅವಸರದಲ್ಲಿ ಆಂಪಿಯರ್ ಏರಿಸಿದ್ದನ್ನು ಅವರೇ ಒಪ್ಪಿಕೊಂಡರು. ಒಂದು ಚದರ ಡೆಸಿಮೀಟರಿಗೆ 1 ಆಂಪಿಯರ್ ಕೊಟ್ಟರೆ ಗಂಟೆಗೆ ಕೂಡುವುದು ಸುಮಾರು 13 ಮೈಕ್ರಾನ್ ತಾಮ್ರ, ಅಂದರೆ 1 ಮಿಲಿಮೀಟರ್ ದಪ್ಪಕ್ಕೆ ಮೂರು ದಿನಕ್ಕೂ ಹೆಚ್ಚು ಬೇಕು. ಎರಡನೆಯ ಸಲ ಆ ಸಾವಧಾನವನ್ನು ತೋರಿಸಿದರು. ಸೊಂಡಿಲಿನ ಗುಳಿಯೊಳಗೆ ತಾಮ್ರದ ತಂತಿಯೊಂದನ್ನು ಧನಾಗ್ರವಾಗಿ, ಗೋಡೆಗೆ ತಾಗದಂತೆ ಇಳಿಬಿಟ್ಟರು. ಹೆಚ್ಚಿನ ಹಣವನ್ನೂ ಕೇಳಲಿಲ್ಲ.

ಪ್ರತಿಯ ಮೇಲೆ ವಾರ್ನಿಷ್ ಹಚ್ಚಿದ್ದನ್ನು ಮಾತ್ರ ಹೇಳಬೇಕಿತ್ತು. ಅಕ್ಕ ಹುಣಸೆಹಣ್ಣು ಹಚ್ಚಿ ಉಜ್ಜಲು ಕುಳಿತಾಗ ನಾನು ಕೈ ಹಿಡಿದು ತಡೆಯದಿದ್ದರೆ ಆ ಹೊಳಪೆಲ್ಲ ಹೋಗುತ್ತಿತ್ತು.

ಇಷ್ಟಾದರೂ ಕೈಗೆ ಬಂದ ಕೆಲಸ ಅಪರೂಪದ್ದು. ಮರದ ಎಳೆಗಳು, ಉಳಿ ಜಾರಿದ ಗೀರು, ದೇವಿಯ ಪಾದದಲ್ಲಿ ಎಣ್ಣೆ ಕುಂಕುಮ ಸೇರಿ ಗಟ್ಟಿಯಾಗಿದ್ದ ಹರಳುಹರಳಾದ ಪದರ, ಎಲ್ಲವೂ ತಾಮ್ರದಲ್ಲಿ ಬೆರಳಿಗೆ ಸಿಗುತ್ತವೆ. ಆ ಪದರವನ್ನು ಕೆರೆದು ತೆಗೆಯಲೇ ಎಂದು ಅವರು ಮೊದಲೇ ಕೇಳಿದ್ದರು, ನಾವು ಬೇಡವೆಂದಿದ್ದೆವು. ಅಚ್ಚನ್ನು ನಮಗೇ ಮರಳಿಸಿದ್ದಾರೆ. ಮೂಲ ಫಲಕವೇ ತನ್ನ ಮನೆಯಲ್ಲಿರುವ ಅಣ್ಣನೂ ಈಗ ಮಗಳಿಗಾಗಿ ಒಂದು ಪ್ರತಿ ಕೇಳಿದ್ದಾನೆ.