ದಶಮಾಂಶದ ಚುಕ್ಕೆಯನ್ನು ಕಾಯುವ ಫಂಕ್ಷನ್: ಆರ್‌ಜೆಎಸ್‌ಎಫ್ ಯುಟಿಲ್ಸ್ ಕುರಿತು ಬಳಕೆದಾರನ ವಿಮರ್ಶೆ

ಜೇಸನ್ ಸ್ಕೀಮಾ (ಯಾವ ಫೀಲ್ಡಿನಲ್ಲಿ ಯಾವ ಬಗೆಯ ಮಾಹಿತಿ ಇರಬೇಕೆಂಬ ವಿವರಣೆ) ಕೊಟ್ಟರೆ, ವೆಬ್ ಪುಟಗಳನ್ನು ಕಟ್ಟುವ ರಿಯಾಕ್ಟ್‌ನಲ್ಲಿ ಫಾರ್ಮನ್ನು ತಾನೇ ಕಟ್ಟಿಕೊಡುವ ಆರ್‌ಜೆಎಸ್‌ಎಫ್ (ರಿಯಾಕ್ಟ್ ಜೇಸನ್‌ಸ್ಕೀಮಾ ಫಾರ್ಮ್) ಲೈಬ್ರರಿಯ ಪರಿಚಯ ವೆಬ್ ಕೆಲಸ ಮಾಡುವ ಹೆಚ್ಚಿನವರಿಗೆ ಇದ್ದೇ ಇರುತ್ತದೆ. ಮೊಜಿಲ್ಲಾದಲ್ಲಿ ಹುಟ್ಟಿದ ಈ ಲೈಬ್ರರಿಯ ಥೀಮುಗಳ ಬಗ್ಗೆ, ತುಂಬಿದ ಮಾಹಿತಿ ಸ್ಕೀಮಾಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸುವ ವ್ಯಾಲಿಡೇಟರ್‌ಗಳ ಬಗ್ಗೆ ಸಾಕಷ್ಟು ಬರಹಗಳಿವೆ. ಆದರೆ 2023ರಲ್ಲಿ ಬಂದ 5ನೇ ಆವೃತ್ತಿಯಿಂದ ಪ್ರತ್ಯೇಕ ಪ್ಯಾಕೇಜಾಗಿ ದೊರೆಯುತ್ತಿರುವ ಯುಟಿಲ್ಸ್, ಅಂದರೆ ಫಾರ್ಮಿನ ಒಳಗೆ ದುಡಿಯುವ ಸಣ್ಣ ಸಣ್ಣ ಸಹಾಯಕ ಫಂಕ್ಷನ್‌ಗಳ ಸಂಗ್ರಹದ ಬಗ್ಗೆ ಯಾರೂ ಬಿಡಿಸಿ ಬರೆದಂತೆ ಕಾಣುವುದಿಲ್ಲ. ದಿನವೂ ಇವುಗಳನ್ನು ಬಳಸುವವನಾಗಿ, ಅದರಲ್ಲೂ ‘ಆ್ಯಸ್‌ನಂಬರ್’ ಎಂಬ ಒಂದೇ ಒಂದು ಫಂಕ್ಷನ್ ನಮ್ಮ ಕೆಲಸವನ್ನು ಎಷ್ಟರಮಟ್ಟಿಗೆ ಹಗುರ ಮಾಡಿದೆ, ಎಲ್ಲಿ ಕೈಬಿಟ್ಟಿದೆ ಎಂಬುದನ್ನು ದಾಖಲಿಸಬೇಕೆನಿಸಿತು.

ನಮ್ಮದು ಚಿಕ್ಕ ತಂಡ. ಹಾಲು ಉತ್ಪಾದಕರ ಸಂಘಗಳಲ್ಲಿ ಬೆಳಗಿನ ಮತ್ತು ಸಂಜೆಯ ಹಾಲಿನ ಲೆಕ್ಕ ಬರೆದುಕೊಳ್ಳುವ ಫಾರ್ಮುಗಳನ್ನು ನಾವು ಮಾಡಿಕೊಡುತ್ತೇವೆ. ಸದಸ್ಯರ ಸಂಖ್ಯೆ, ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಇವು ಮುಖ್ಯ ಫೀಲ್ಡುಗಳು. ಡೈರಿಯ ಕಿಟಕಿಯ ಮುಂದೆ ಕ್ಯಾನು ಹಿಡಿದವರ ಸಾಲು ನಿಂತಿರುತ್ತದೆ. ಕಾರ್ಯದರ್ಶಿಗಳು ಯಂತ್ರದಲ್ಲಿ ಮೂಡಿದ ಅಂಕಿಯನ್ನು ನೋಡುತ್ತಲೇ, ಕೀಬೋರ್ಡಿನ ಕಡೆಗೆ ಕಣ್ಣು ಹಾಯಿಸದೆ ಒತ್ತುತ್ತಾ ಹೋಗುತ್ತಾರೆ. ಫ್ಯಾಟಿನ ಒಂದು ಚುಕ್ಕೆ ಆಚೀಚೆಯಾದರೆ ರೈತನ ಕೈಸೇರುವ ಹಣವೇ ಬದಲಾಗುತ್ತದೆ. ಹಾಗಾಗಿ ಈ ಫಾರ್ಮಿನಲ್ಲಿ ದಶಮಾಂಶ ಸರಿಯಾಗಿ ಬೀಳುವುದಕ್ಕಿಂತ ದೊಡ್ಡ ಸಂಗತಿ ಬೇರೊಂದಿಲ್ಲ.

ಯಂತ್ರ 4.05 ಎಂದು ತೋರಿಸಿದೆ ಎಂದುಕೊಳ್ಳೋಣ. ಟೈಪ್ ಮಾಡಿದ್ದನ್ನು ಆ ಕ್ಷಣವೇ ಸಂಖ್ಯೆಯಾಗಿ ಪರಿವರ್ತಿಸಿ ಮತ್ತೆ ಪರದೆಗೆ ಕೊಡುವ ಸಾಮಾನ್ಯ ಟೆಕ್ಸ್ಟ್ ಇನ್‌ಪುಟ್‌ನಲ್ಲಿ ಏನಾಗುತ್ತದೆಂದು ನಿಧಾನವಾಗಿ ನೋಡಿದರೆ ತೊಂದರೆ ಅರ್ಥವಾಗುತ್ತದೆ. ಮೊದಲು 4 ಬೀಳುತ್ತದೆ. ಚುಕ್ಕೆ ಒತ್ತಿದಾಗ ‘4.’ ಎಂಬುದು ಮತ್ತೆ 4 ಎಂಬ ಸಂಖ್ಯೆಯೇ ಆಗುವುದರಿಂದ ಚುಕ್ಕೆ ಪರದೆಯಿಂದ ಅಳಿಸಿಹೋಗುತ್ತದೆ. ಮುಂದೆ ಸೊನ್ನೆ ಒತ್ತಿದರೆ 40, ಐದು ಒತ್ತಿದರೆ 405. ಆ್ಯಸ್‌ನಂಬರ್ ಈ ಜಾಗದಲ್ಲಿ ಆತುರಪಡುವುದಿಲ್ಲ. ಬರೆದದ್ದು ಚುಕ್ಕೆಯಲ್ಲಿ ಮುಗಿದಿದ್ದರೆ, ಬರೆಯುವವರು ಇನ್ನೂ ಮುಂದುವರಿಯಲಿದ್ದಾರೆ ಎಂದು ತಿಳಿದು ಅದನ್ನು ಪಠ್ಯವಾಗಿಯೇ ಹಿಂದಿರುಗಿಸುತ್ತದೆ. ‘4.0’ ಎಂದಿದ್ದರೂ ಹಾಗೆಯೇ, ಏಕೆಂದರೆ ಮುಂದೆ 5 ಬರಬಹುದು. ದಶಮಾಂಶ ಭಾಗ ಸೊನ್ನೆಯಲ್ಲಿ ಕೊನೆಗೊಂಡಾಗಲೂ, ಉದಾಹರಣೆಗೆ ‘8.50’ ಎಂದಾಗಲೂ, ಸೊನ್ನೆಯನ್ನು ಕತ್ತರಿಸುವುದಿಲ್ಲ. ಮೂಲ ಕೋಡಿನ ಟಿಪ್ಪಣಿಯಲ್ಲಿ ಈ ಕೊನೆಯ ನಿಯಮಕ್ಕೆ ಡಾಲರ್ ಮೊತ್ತ ಬರೆಯುವವರ ಉದಾಹರಣೆ ಕೊಟ್ಟಿದ್ದಾರೆ. ಅದೇ ನಿಯಮ ನಮ್ಮ ಎಸ್‌ಎನ್‌ಎಫ್ ಅಂಕಿಗೂ ಒದಗಿಬಂದಿದೆ.

ಇನ್ನೊಂದು ಗುಣವನ್ನು ನಾನು ಇದಕ್ಕಿಂತಲೂ ಹೆಚ್ಚು ಮೆಚ್ಚುತ್ತೇನೆ. ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಪಠ್ಯವನ್ನು ನೇರವಾಗಿ ಸಂಖ್ಯೆಯಾಗಿಸಿದರೆ ಸೊನ್ನೆ ಬರುತ್ತದೆ. ಫ್ಯಾಟು ಅಳೆಯದಿರುವುದೂ ಫ್ಯಾಟು ಸೊನ್ನೆಯಾಗಿರುವುದೂ ಒಂದೇ ಎಂದು ದಾಖಲೆಯಲ್ಲಿ ಕುಳಿತರೆ ತಿಂಗಳ ಸರಾಸರಿಯೇ ಕೆಡುತ್ತದೆ. ಆ್ಯಸ್‌ನಂಬರ್ ಖಾಲಿ ಪಠ್ಯಕ್ಕೆ ‘ಅನ್‌ಡಿಫೈನ್ಡ್’, ಅಂದರೆ ಮೌಲ್ಯವೇ ಇಲ್ಲ ಎಂಬ ಗುರುತು, ಕೊಡುವುದರಿಂದ, ಕಡ್ಡಾಯವೆಂದು ಗುರುತಿಸಿದ ಫೀಲ್ಡಿನಲ್ಲಿ ದೋಷ ಸಂದೇಶ ತಕ್ಕ ಸಮಯಕ್ಕೆ ಬರುತ್ತದೆ. ಕನ್ನಡ ಕೀಬೋರ್ಡ್ ಇಟ್ಟುಕೊಂಡವರು ‘೪.೦೫’ ಎಂದು ಬರೆದರೆ ಮಾತ್ರ ಅದಕ್ಕೆ ತಿಳಿಯುವುದಿಲ್ಲ, ಏಕೆಂದರೆ ಜಾವಾಸ್ಕ್ರಿಪ್ಟ್ ಕನ್ನಡ ಅಂಕಿಗಳನ್ನು ಸಂಖ್ಯೆಯೆಂದು ಗುರುತಿಸುವುದಿಲ್ಲ. ಆದರೂ ಅದು ಬರೆದದ್ದನ್ನು ಎಸೆಯದೆ ಹಾಗೆಯೇ ಹಿಂದಿರುಗಿಸುತ್ತದೆ. ಹೀಗಾಗಿ ಕನ್ನಡ ಅಂಕಿಗಳನ್ನು ಮೊದಲು ಬದಲಾಯಿಸಿ ಆಮೇಲೆ ಆ್ಯಸ್‌ನಂಬರ್‌ಗೆ ಒಪ್ಪಿಸುವ ಪುಟ್ಟ ಫಂಕ್ಷನ್ ಒಂದನ್ನು ನಾವೇ ಬರೆದುಕೊಂಡೆವು. ಈಗ ಎರಡೂ ಬಗೆಯ ಅಂಕಿಗಳು ನಡೆಯುತ್ತವೆ.

ಇಷ್ಟು ಹೊಗಳಿದ ಮೇಲೆ ಅಸಮಾಧಾನವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಆ್ಯಸ್‌ನಂಬರ್ ಎಂಬ ಹೆಸರಿದ್ದರೂ ಅದು ಯಾವಾಗಲೂ ಸಂಖ್ಯೆಯನ್ನೇ ಕೊಡುವುದಿಲ್ಲ. ಸಂಖ್ಯೆಯ ಫೀಲ್ಡನ್ನು ನಡೆಸುವ ಲೈಬ್ರರಿಯ ಸ್ವಂತ ಭಾಗವಾದ ನಂಬರ್‌ಫೀಲ್ಡ್ ಇರುವ ತನಕ ಇದರಿಂದ ತೊಂದರೆಯಿಲ್ಲ: ಅದು ಕೊನೆಯ ಚುಕ್ಕೆ, ಸೊನ್ನೆಗಳನ್ನು ತೆಗೆದು ಫಾರ್ಮಿನ ದತ್ತಾಂಶಕ್ಕೆ 8.5 ಎಂಬ ಶುದ್ಧ ಸಂಖ್ಯೆಯನ್ನು ಕಳಿಸುತ್ತದೆ, ಬಳಕೆದಾರರು ಬರೆದ ‘8.50’ ಎಂಬ ಪಠ್ಯವನ್ನು ಬೇರೆಯಾಗಿ ನೆನಪಿಟ್ಟುಕೊಂಡು ಪರದೆಯಲ್ಲಿ ಅದನ್ನೇ ತೋರಿಸುತ್ತದೆ. ಬಹಳ ಸೊಗಸಾದ ಏರ್ಪಾಡು ಇದು. ಆದರೆ ಈ ಅರ್ಧ ಜಾಣ್ಮೆ ನಂಬರ್‌ಫೀಲ್ಡಿನ ಒಳಗೇ ಉಳಿದಿದೆ. ಯುಟಿಲ್ಸ್ ಪ್ಯಾಕೇಜಿನಲ್ಲಿ ದೊರೆಯುವುದಿಲ್ಲ. ಫ್ಯಾಟು ಮತ್ತು ಎಸ್‌ಎನ್‌ಎಫ್ ಎರಡನ್ನೂ ಒಂದೇ ಸಾಲಿನಲ್ಲಿ ತೋರಿಸುವ ಸ್ವಂತ ಫೀಲ್ಡ್ ಬರೆದು, ಅದರೊಳಗೆ ಆ್ಯಸ್‌ನಂಬರ್ ಒಂದನ್ನೇ ಕರೆದಾಗ, ‘8.50’ ಎಂಬುದು ಪಠ್ಯವಾಗಿಯೇ ದತ್ತಾಂಶಕ್ಕೆ ಹೋಗುತ್ತದೆ, ಸಂಖ್ಯೆ ಇರಬೇಕಾದಲ್ಲಿ ಸಂಖ್ಯೆಯಿಲ್ಲ ಎಂದು ವ್ಯಾಲಿಡೇಟರ್ ತಕರಾರು ತೆಗೆಯುತ್ತದೆ. 8.51 ಬರೆದವರಿಗೆ ಈ ದೋಷ ಕಾಣಿಸುವುದಿಲ್ಲ, 8.50 ಬರೆದವರಿಗೆ ಕಾಣಿಸುತ್ತದೆ. ಪರೀಕ್ಷೆ ಮಾಡುವಾಗ ಸುಲಭಕ್ಕೆ ಕೈಗೆ ಸಿಗದಂತಹ ದೋಷವೆಂದರೆ ಇಂಥದ್ದೇ.

ಹಿಂದಿರುಗುವ ಮೌಲ್ಯ ಪಠ್ಯವೂ ಆಗಿರಬಹುದೆಂದು ಫಂಕ್ಷನ್ನಿನ ಟೈಪ್‌ಸ್ಕ್ರಿಪ್ಟ್ ವಿವರಣೆಯಲ್ಲಿ (ಯಾವ ಬಗೆಯ ಮೌಲ್ಯ ಬರುತ್ತದೆಂದು ಕೋಡಿನಲ್ಲೇ ಬರೆದಿಡುವ ಸಾಲು) ಇರುವುದು ನಿಜ. ಆದರೆ ಯಾಕೆ, ಯಾವಾಗ ಎಂದು ತಿಳಿಯಲು ನಂಬರ್‌ಫೀಲ್ಡಿನ ಮೂಲ ಕೋಡನ್ನೇ ಓದಬೇಕಾಯಿತು. ಓದಿದ ಮೇಲೆ ನಾವು ಕಂಡುಕೊಂಡ ದಾರಿ ಸರಳವಾಗಿದೆ. ಸಾಧ್ಯವಾದಲ್ಲೆಲ್ಲ ಸ್ವಂತ ಫೀಲ್ಡ್ ಬರೆಯದೆ ಸ್ವಂತ ವಿಜೆಟ್, ಅಂದರೆ ಫೀಲ್ಡಿನೊಳಗೆ ಪರದೆಯಲ್ಲಿ ಕಾಣುವ ಇನ್‌ಪುಟ್ ಭಾಗವನ್ನು ಮಾತ್ರ, ಬರೆಯುತ್ತೇವೆ. ವಿಜೆಟ್ ಬದಲಾದರೂ ಅದರ ಮೇಲೆ ನಂಬರ್‌ಫೀಲ್ಡ್ ಇದ್ದೇ ಇರುತ್ತದೆ, ಅದರ ರಕ್ಷಣೆಯೂ ಸಿಗುತ್ತದೆ. ಬ್ರೌಸರಿನ ನಂಬರ್ ಇನ್‌ಪುಟ್‌ನಲ್ಲಿ ಕರ್ಸರ್ ಇರುವಾಗ ಮೌಸಿನ ಚಕ್ರ ತಿರುಗಿದರೆ ಅಂಕಿ ಬದಲಾಗಿಬಿಡಬಹುದು ಎಂಬ ಕಾರಣಕ್ಕೆ ನಮಗೆ ಹೇಗಿದ್ದರೂ ಬೇರೆ ವಿಜೆಟ್ ಬೇಕಿತ್ತು. ಸ್ವಂತ ಫೀಲ್ಡ್ ಅನಿವಾರ್ಯವಾದ ಕಡೆ, ಬರೆದ ಪಠ್ಯವನ್ನು ಫೀಲ್ಡಿನೊಳಗೇ ಇಟ್ಟುಕೊಂಡು, ಕೊನೆಯ ಸೊನ್ನೆಗಳನ್ನು ತೆಗೆದ ಸಂಖ್ಯೆಯನ್ನು ಮಾತ್ರ ಹೊರಗೆ ಕಳಿಸುತ್ತೇವೆ. ಉಳಿಸಿದ ದಾಖಲೆಯನ್ನು ಮತ್ತೆ ತೆರೆದಾಗ 8.50 ಇದ್ದದ್ದು 8.5 ಎಂದು ಕಾಣುತ್ತದೆ, ಏಕೆಂದರೆ ಜೇಸನ್ ಸಂಖ್ಯೆಯಲ್ಲಿ ಕೊನೆಯ ಸೊನ್ನೆಗೆ ನೆಲೆಯಿಲ್ಲ. ಇದನ್ನು ಯುಟಿಲ್ಸ್ ಮೇಲೆ ಹೊರಿಸಲಾಗದು. ಚೀಟಿ ಮುದ್ರಿಸುವಾಗ ಎರಡು ಸ್ಥಾನ ತೋರಿಸುವಂತೆ ನಾವೇ ನೋಡಿಕೊಳ್ಳಬೇಕು.

ಉಳಿದ ಫಂಕ್ಷನ್‌ಗಳಲ್ಲಿ ‘ರೇಂಜ್‌ಸ್ಪೆಕ್’ ಸ್ಕೀಮಾದಲ್ಲಿರುವ ಕನಿಷ್ಠ, ಗರಿಷ್ಠ ಮಿತಿಗಳನ್ನು ಇನ್‌ಪುಟ್‌ಗೆ ಒಪ್ಪುವ ರೂಪದಲ್ಲಿ ಕೊಡುತ್ತದೆ, ಅದರ ಬಗ್ಗೆ ದೂರೇನಿಲ್ಲ. ‘ಆರ್ಡರ್‌ಪ್ರಾಪರ್ಟೀಸ್’ ಫೀಲ್ಡುಗಳ ಕ್ರಮವನ್ನು ನೋಡಿಕೊಳ್ಳುತ್ತದೆ. ಕ್ರಮದ ಪಟ್ಟಿಯ ಕೊನೆಯಲ್ಲಿ ‘ಉಳಿದೆಲ್ಲವೂ’ ಎಂಬ ಅರ್ಥದ ನಕ್ಷತ್ರ ಚಿಹ್ನೆ ಹಾಕಿಡುವುದು ನನಗೆ ಅಭ್ಯಾಸವಾಗಿದೆ, ಇಲ್ಲದಿದ್ದರೆ ಸ್ಕೀಮಾಕ್ಕೆ ಹೊಸ ಫೀಲ್ಡ್ ಸೇರಿಸಿದ ದಿನ ಅದು ದೋಷ ಎಸೆಯುತ್ತದೆ. ‘ಲೋಕಲ್‌ಟುಯುಟಿಸಿ’ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬೆಳಗ್ಗೆ 5:15ಕ್ಕೆ ಅಳೆದ ಹಾಲಿನ ಸಮಯವನ್ನು ಅದು ಯುಟಿಸಿಗೆ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬದಲಾಯಿಸಿದಾಗ ಹಿಂದಿನ ದಿನದ 23:45 ಆಗುತ್ತದೆ. ಲೆಕ್ಕಾಚಾರವಾಗಿ ಅದು ಸರಿಯೇ. ಆದರೆ ಸರ್ವರಿನಲ್ಲಿ ದಿನವಾರು ಮೊತ್ತ ತೆಗೆಯುವಾಗ ಬೆಳಗಿನ ಹಾಲು ನಿನ್ನೆಯ ಖಾತೆಗೆ ಸೇರುವ ಅಪಾಯವಿದೆ. ನಾವು ದಿನಾಂಕವನ್ನು ಸಮಯವಿಲ್ಲದ ಬೇರೆಯೇ ಫೀಲ್ಡಾಗಿಯೂ, ಬೆಳಗು–ಸಂಜೆಯನ್ನು ಆಯ್ಕೆಯಾಗಿಯೂ ಇಟ್ಟು ಇದರಿಂದ ದೂರ ಉಳಿದಿದ್ದೇವೆ.

ತಿಂಗಳಿಗೆ ಇಂತಿಷ್ಟು ಬಾಡಿಗೆ ಕೇಳುವ ಫಾರ್ಮ್ ಸೇವೆಗಳು ನಮ್ಮ ಗ್ರಾಹಕರ ಕೈಗೆಟುಕುವುದಿಲ್ಲ. ಅಪಾಚೆ 2.0 ಪರವಾನಗಿಯಲ್ಲಿ ಉಚಿತವಾಗಿ ಸಿಗುವ ಇದು ನಮ್ಮಂಥ ತಂಡಕ್ಕೆ ಹಣದ ದೃಷ್ಟಿಯಿಂದಲೂ ಒಪ್ಪುವ ಆಯ್ಕೆ. ನಾಲ್ಕಾರು ಫೀಲ್ಡುಗಳ ಸಂಪರ್ಕ ಫಾರ್ಮ್ ಸಾಕೆನ್ನುವವರಿಗೆ ಈ ಭಾರ ಬೇಕಿಲ್ಲ. ಸ್ಕೀಮಾ ಪದೇಪದೇ ಬದಲಾಗುವ, ಅಂಕಿಗಳನ್ನೇ ಹೆಚ್ಚಾಗಿ ತುಂಬಿಸುವ ಫಾರ್ಮ್ ಇದ್ದವರು ಖಂಡಿತ ಬಳಸಬಹುದು. ಲೈಬ್ರರಿಯ ಮುಖ್ಯ ಭಾಗವಾದ ಕೋರ್, ಯುಟಿಲ್ಸ್ ಮತ್ತು ವ್ಯಾಲಿಡೇಟರ್ ಪ್ಯಾಕೇಜುಗಳನ್ನು ಒಂದೇ ಆವೃತ್ತಿಯಲ್ಲಿ ಇಟ್ಟುಕೊಳ್ಳಿ, ಸ್ವಂತ ಫೀಲ್ಡ್ ಬರೆಯುವ ಮೊದಲು ನಂಬರ್‌ಫೀಲ್ಡಿನ ಕೋಡನ್ನು ಒಮ್ಮೆ ಪೂರ್ತಿಯಾಗಿ ಓದಿ. ಮುಂದಿನ ಯಾವುದಾದರೂ ಆವೃತ್ತಿಯಲ್ಲಿ ಆ ಕೋಡಿನ ಸೊನ್ನೆ ತೆಗೆಯುವ ಭಾಗವನ್ನೂ ಪಠ್ಯ ನೆನಪಿಡುವ ಭಾಗವನ್ನೂ ಯುಟಿಲ್ಸ್‌ಗೆ ತಂದು, ಆ್ಯಸ್‌ನಂಬರ್ ಜೊತೆಯಲ್ಲೇ ಇಡಬೇಕೆಂಬುದು ಅದನ್ನು ಕಾಪಾಡುತ್ತಿರುವವರಲ್ಲಿ ನನ್ನ ಕೋರಿಕೆ.