ಮಿರಿನ್ ಬದಲಿಗೆ ಏನು? ಸಾಕೆಯಿಂದ ಬೆಲ್ಲದ ಪಾಕದವರೆಗೆ

ಆವಿಯಲ್ಲಿ ಬೇಯಿಸಿದ ಅಂಟಕ್ಕಿ, ಕೋಜಿ ಬೂಷ್ಟು ಹಿಡಿಸಿದ ಅಕ್ಕಿ, ಶೋಚು ಎಂಬ ಬಟ್ಟಿ ಇಳಿಸಿದ ಮದ್ಯ. ಈ ಮೂರನ್ನೂ ಕಲಸಿ 40ರಿಂದ 60 ದಿನ ಇಟ್ಟರೆ ಮಿರಿನ್, ಜಪಾನಿ ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ. ಕೋಜಿಯ ಕಿಣ್ವಗಳು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಶೋಚುವಿನ ಆಲ್ಕೋಹಾಲ್ ಯೀಸ್ಟನ್ನು ಬೆಳೆಯಲು ಬಿಡದ್ದರಿಂದ ಸಿಹಿ ಹಾಗೇ ಉಳಿಯುತ್ತದೆ. ಅಸಲಿ 'ಹೊನ್ ಮಿರಿನ್'ನಲ್ಲಿ ಆಲ್ಕೋಹಾಲ್ ಸುಮಾರು 14%, ಸಕ್ಕರೆ ಅಂಶ 40%ಕ್ಕೂ ಮೇಲೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಗ್ಲೂಕೋಸ್. ನಾಲಿಗೆಗೆ ನಮ್ಮ ಸಕ್ಕರೆಯಷ್ಟು ಚುರುಕಲ್ಲ. ಹಾಗಾಗಿ ಒಂದು ಟೇಬಲ್ ಚಮಚ (15 ಮಿ.ಲೀ.) ಮಿರಿನ್ನಿನ ಸಿಹಿಗೆ ಒಂದು ಟೀ ಚಮಚ ಸಕ್ಕರೆ ಸಾಕು. ಅಳತೆಗೆ ಅಳತೆ ಸಕ್ಕರೆ ಸುರಿದಾಗಲೇ ಹೆಚ್ಚಿನ ಬದಲಿಗಳು ಕೆಡುವುದು.

ಸಿಹಿಯ ಜೊತೆಗೆ ಮಿರಿನ್ ಹೊಳಪು ಕೊಡುತ್ತದೆ (ಸೋಯಾ ಪಾಕ ಬತ್ತಿಸಿ ಹೊಳಪು ಬರಿಸುವ ತೆರಿಯಾಕಿಯ 'ತೆರಿ' ಅಂದರೆ ಅದೇ), ಮೀನಿನ ವಾಸನೆಯನ್ನು ಆವಿಯ ಜೊತೆ ಹೊರಗೆ ಒಯ್ಯುತ್ತದೆ, ಆಲೂಗಡ್ಡೆ ಬೇಯುವಾಗ ಅಂಚು ಕರಗದಂತೆ ಹಿಡಿಯುತ್ತದೆ. ಯಾವ ಕೆಲಸ ಬೇಕೋ ಅದಕ್ಕೆ ತಕ್ಕ ಬದಲಿ.

ಹೋಲಿಕೆಗೆ ತೆಗೆದುಕೊಂಡದ್ದು ಎರಡು ಅಡುಗೆ. ಒಂದು, 200 ಗ್ರಾಂ ಗಟ್ಟಿ ತೋಫು ಅಥವಾ ಮೀನಿನ ತೆರಿಯಾಕಿ: ಸೋಯಾ ಸಾಸ್ 30 ಮಿ.ಲೀ., ಮಿರಿನ್ 30 ಮಿ.ಲೀ., ಗುಳ್ಳೆಗಳು ದಪ್ಪಗಾಗುವವರೆಗೆ ಬತ್ತಿಸುವುದು. ಇನ್ನೊಂದು, ಮೂಲಂಗಿ ಮತ್ತು ಆಲೂಗಡ್ಡೆಯ ನಿಮೊನೊ (ಸಾರಿನಲ್ಲಿ ಮೆಲ್ಲಗೆ ಬೇಯಿಸಿದ್ದು): ದಾಶಿ (ಕಡಲಪಾಚಿ, ಒಣಮೀನಿನ ತಿಳಿಸಾರು) 8 ಪಾಲು, ಸೋಯಾ 1, ಮಿರಿನ್ 1. ಸೋಯಾ ಜಪಾನಿನದೇ ಇರಲಿ. ಇಲ್ಲಿ ಸಿಗುವ ಕಪ್ಪು 'ಡಾರ್ಕ್' ಸೋಯಾದ ಬಣ್ಣ ದಟ್ಟ. ಬದಲಿ ಸರಿಯಾಯಿತೋ ಇಲ್ಲವೋ ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಸಾಕೆ (ಜಪಾನಿನ ಅಕ್ಕಿಯ ವೈನ್) ಒಂದು ಟೇಬಲ್ ಚಮಚ, ಸಕ್ಕರೆ ಒಂದು ಟೀ ಚಮಚ: ಎರಡೂ ಅಡುಗೆಗೆ ಇದೇ ಹತ್ತಿರದ್ದು. ಮೀನಿನ ವಾಸನೆ ಪೂರ್ತಿ ಹೋಗುತ್ತದೆ; ಹೊಳಪು ಮಾತ್ರ ಸ್ವಲ್ಪ ತೆಳು. 'ಅಡುಗೆ ಸಾಕೆ' ಎಂದು ಮಾರುವುದರಲ್ಲಿ ಉಪ್ಪು ಬೆರೆಸಿರುತ್ತಾರೆ, ಸೋಯಾ ಕಡಿಮೆ ಮಾಡಬೇಕು. ಸಿಹಿಯಿಲ್ಲದ ಬಿಳಿ ವೈನ್ ತೆರಿಯಾಕಿಗೆ ನಡೆಯುತ್ತದೆ, ನಿಮೊನೊದಲ್ಲಿ ಹುಳಿ ತಲೆ ಎತ್ತುತ್ತದೆ.

'ಮಿರಿನ್ ಫೂ' ಎಂಬ ಅಗ್ಗದ ಬಾಟಲಿ ಗ್ಲೂಕೋಸ್ ಪಾಕದಿಂದ ಮಾಡಿದ್ದು, ಆಲ್ಕೋಹಾಲ್ 1%ಕ್ಕಿಂತ ಕಡಿಮೆ. ಹೊಳಪಿಗೆ ಚೆನ್ನ, ವಾಸನೆ ತೆಗೆಯಲು ನಿಷ್ಪ್ರಯೋಜಕ. ಕೊನೆಯಲ್ಲಿ ಹಾಕಿ. ತೆರೆದ ಮೇಲೆ ಇದನ್ನು ಫ್ರಿಜ್ಜಿನಲ್ಲಿಡಬೇಕು. ಹೊನ್ ಮಿರಿನ್ ಇದಕ್ಕೆ ತದ್ವಿರುದ್ಧ: ಫ್ರಿಜ್ಜಿನಲ್ಲಿಟ್ಟರೆ ಸಕ್ಕರೆ ಹರಳುಗಟ್ಟುತ್ತದೆ, ಕತ್ತಲ ತಂಪು ಕಪಾಟೇ ಸರಿ.

ಆಲ್ಕೋಹಾಲ್ ಬೇಡವೆನ್ನುವ ಮನೆಗಳಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕೇಕ್ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್. ಒಂದು ಟೇಬಲ್ ಚಮಚ ಮಿರಿನ್ನಿಗೆ ಬದಲಾಗಿ ಎರಡು ಟೀ ಚಮಚ ಬಿಸಿನೀರು, ಒಂದು ಟೀ ಚಮಚ ಗ್ಲೂಕೋಸ್, ಅರ್ಧ ಟೀ ಚಮಚ ಸಕ್ಕರೆ. ತೋಫು ಮೇಲೆ ಅಸಲಿಯಂತೆಯೇ ಕನ್ನಡಿ ಹೊಳಪು ಬರುತ್ತದೆ. ಬರೀ ಸಕ್ಕರೆ ನೀರಿಗೆ ಆ ಜಿಗುಟು ಇಲ್ಲ. ಮೀನಾದರೆ ಮೊದಲೇ ಉಪ್ಪು ಸವರಿ 15 ನಿಮಿಷ ಬಿಟ್ಟು, ಒಸರಿದ ನೀರನ್ನು ಒರೆಸಿ, ಪಾಕಕ್ಕೆ ಎರಡು ಬಿಲ್ಲೆ ಶುಂಠಿ ಹಾಕಿ. ಜೇನುತುಪ್ಪಕ್ಕೂ ಹೊಳಪಿದೆ, ಆದರೆ ಅದರ ಫ್ರಕ್ಟೋಸ್ ಬೇಗ ಕಪ್ಪಾಗುತ್ತದೆ: ಉರಿ ಸಣ್ಣಗಿರಲಿ, ಕೊನೆಯ ಅರ್ಧ ನಿಮಿಷಕ್ಕೆ ಮಾತ್ರ ಸೇರಲಿ.

ಬೆಲ್ಲದ ಪಾಕ? ತೆರಿಯಾಕಿಯಲ್ಲಿ ಸೋಯಾದ ಜೋರಿನ ಎದುರು ಅದು ಒಗ್ಗಿಕೊಳ್ಳುತ್ತದೆ, ರುಚಿಯೂ ಕೆಟ್ಟದ್ದಲ್ಲ. ನಿಮೊನೊಗೆ ಹಾಕಿದರೆ ದಾಶಿಯ ನವಿರು ಪರಿಮಳ ಮುಳುಗಿ ಮೂಲಂಗಿ ಪಾಯಸದ ದಾರಿ ಹಿಡಿಯುತ್ತದೆ.

ಪೂರಾ ಸೋತದ್ದು ಅಕ್ಕಿ ವಿನೆಗರ್ ಮತ್ತು ಸಕ್ಕರೆ. ಎಲ್ಲ ಕಡೆ ಇದನ್ನೇ ಸೂಚಿಸುತ್ತಾರೆ. 'ಅಕ್ಕಿಯ ವೈನ್' ಮತ್ತು 'ಅಕ್ಕಿಯ ವಿನೆಗರ್' ಎಂಬ ಹೆಸರುಗಳ ಗೊಂದಲವೇ ಕಾರಣವಿರಬೇಕು. ಮಿರಿನ್ನಿನಲ್ಲಿ ಹುಳಿಯೇ ಇಲ್ಲ. ಬತ್ತಿಸಿದಷ್ಟೂ ಉಳಿದ ಹುಳಿ ಗಟ್ಟಿಯಾಗಿ, ಪರಿಣಾಮ ಗೋಬಿ ಮಂಚೂರಿಯ ಸಾಸಿನ ಹತ್ತಿರ ಹೋಗುತ್ತದೆ.

ಸೋಬಾ ನೂಡಲ್ಸ್ ಅದ್ದುವ ತಣ್ಣನೆ ಸಾಸಿಗೆ ಹೊನ್ ಮಿರಿನ್ ಅಥವಾ ಸಾಕೆ ಬಳಸಿದರೆ ಅದನ್ನೊಂದೇ ಮೊದಲು ಕುದಿಸಿ ಒಂದೆರಡು ನಿಮಿಷ ಬಿಡಿ, ಆಮೇಲೆ ಸೋಯಾ ಸೇರಿಸಿ. ಇಲ್ಲದಿದ್ದರೆ ಮದ್ಯದ ಖಾರ ಮೂಗಿಗೆ ಹೊಡೆಯುತ್ತದೆ.