ಹತ್ತು ಲಕ್ಷದೊಳಗೆ ಸಿಗುವ ಸ್ಪೋರ್ಟ್ಸ್ ಕಾರು ಎಷ್ಟಕ್ಕೆ ಬೀಳುತ್ತದೆ: ದಾವಣಗೆರೆಯಿಂದ ಒಂದು ಎಚ್ಚರಿಕೆ

"ಅಣ್ಣಾ, ಹೊಸ ಕ್ರೆಟಾ ದುಡ್ಡಿಗೆ ಹಳೆ ಜರ್ಮನ್ ಸ್ಪೋರ್ಟ್ಸ್ ಕಾರೇ ಬರುತ್ತಲ್ಲ, ತಗೊಳ್ಳಲಾ?" ಅಂತ ನಮ್ಮ ಕಡೆ ಹುಡುಗರು ಈಚೆಗೆ ಜಾಸ್ತಿ ಕೇಳುತ್ತಿದ್ದಾರೆ. ಬರುತ್ತದೆ. ಕ್ರೆಟಾಗಿಂತ ಕಡಿಮೆಗೇ ಬರುತ್ತದೆ. ನನಗೂ ಬಂತು. 2011ರ ಮಾಡೆಲ್, ಎರಡು ಬಾಗಿಲು, 2 ಲೀಟರ್ ಟರ್ಬೊ ಪೆಟ್ರೋಲ್, ಹೊರದೇಶದಲ್ಲೇ ಪೂರ್ತಿ ತಯಾರಾಗಿ ಬಂದ ಗಾಡಿ. ಹೊಸದರಲ್ಲಿ ನಲವತ್ತು ಲಕ್ಷದ ಮೇಲಿತ್ತು. ಬೆಂಗಳೂರಿನ ಒಬ್ಬ ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ ಒಂಬತ್ತೂವರೆ ಲಕ್ಷಕ್ಕೆ ವ್ಯಾಪಾರ ಮುಗಿಯಿತು. ಕಂಪನಿ ಹೆಸರು ಬೇಡ. ಈ ಜಾತಿಯ ಕಾರುಗಳದ್ದೆಲ್ಲ ಹೆಚ್ಚುಕಡಿಮೆ ಇದೇ ಕಥೆ.

ಮೊದಲು ಸುಖದ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಕಿಚ್ಚಿಗೆ ಬರೆದಿದ್ದಾನೆ ಅಂತೀರಿ. ಬೆಳಿಗ್ಗೆ ಬೇಗ ಎದ್ದು ಹೆದ್ದಾರಿ 48 ಹತ್ತಿ ಚಿತ್ರದುರ್ಗದ ಕಡೆ ಹೊರಡಬೇಕು. ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್ ಅನ್ನು ಎಡಗೈ ಬೆರಳಲ್ಲಿ ಎರಡು ಸಲ ಎಳೆದರೆ ಗೇರ್ ಇಳಿಯುತ್ತದೆ, ಸೈಲೆನ್ಸರ್ ಒಮ್ಮೆ ಗುಡುಗುತ್ತದೆ, ಪಕ್ಕದ ಲಾರಿ ಕನ್ನಡಿಯಲ್ಲಿ ಚಿಕ್ಕದಾಗುತ್ತದೆ. ಭರಮಸಾಗರ ಬಂದದ್ದೂ ಗೊತ್ತಾಗಲ್ಲ, ದುರ್ಗದ ಗಾಳಿಯಂತ್ರಗಳು ಕಾಣಿಸಿಬಿಡುತ್ತವೆ. ವಾಪಸ್ ಬಂದು ಬೆಣ್ಣೆ ದೋಸೆ ತಿಂದು ಹೊರಗೆ ಬಂದರೆ ಕಾರಿಗೆ ಒರಗಿ ಯಾರೋ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಖುಷಿಯಾಗುತ್ತದೆ, ಸುಳ್ಳು ಹೇಳಲ್ಲ.

ಆದರೆ ಕಾರಿನ ಬೆಲೆ ಇಳಿದಿದೆಯೇ ಹೊರತು ಪಾರ್ಟ್ಸಿನ ಬೆಲೆ ಇಳಿದಿಲ್ಲ. ನೀವು ಕೊಟ್ಟಿದ್ದು ಒಂಬತ್ತೂವರೆ ಇರಬಹುದು, ಪಾರ್ಟ್ಸ್ ಕೌಂಟರಿನಲ್ಲಿ ನೀವು ನಲವತ್ತು ಲಕ್ಷದ ಕಾರಿನ ಯಜಮಾನರು. ನನ್ನ ಗಾಡಿಯ ಬಲಗಡೆ ಹೆಡ್‌ಲೈಟಿನೊಳಗೆ ಮಳೆಗಾಲದಲ್ಲಿ ಹಬೆ ಕಟ್ಟುತ್ತಿತ್ತು. ಹೊಸದು ಎಷ್ಟು ಅಂತ ಫೋನ್ ಮಾಡಿದರೆ ಒಂದೂಕಾಲು ಲಕ್ಷ ಅಂದರು. ಎರಡಕ್ಕಾ ಅಂತ ಕೇಳಿದೆ. ಒಂದಕ್ಕಂತೆ. ಅದು ಈಗಲೂ ಹಬೆ ಕಟ್ಟುತ್ತದೆ.

ನಿಜವಾದ ಪೆಟ್ಟು ಕೊಟ್ಟಿದ್ದು ಗೇರ್‌ಬಾಕ್ಸ್. ಈ ಕಾರುಗಳಲ್ಲಿ ಹೆಚ್ಚಿನವಕ್ಕೆ ಡಬಲ್ ಕ್ಲಚ್ ಇರುವ ಆಟೊಮ್ಯಾಟಿಕ್. ಒಂದು ಕ್ಲಚ್ 1, 3, 5ನೇ ಗೇರ್ ನೋಡಿಕೊಂಡರೆ ಇನ್ನೊಂದು 2, 4, 6. ಗೇರ್ ಬದಲಾಗಿದ್ದೇ ತಿಳಿಯದಷ್ಟು ಬೇಗ ಬದಲಾಗುವುದು ಇದರಿಂದಲೇ. ಇವೆರಡನ್ನೂ ಆಡಿಸುವುದು ಮೆಕಾಟ್ರಾನಿಕ್ಸ್ ಅನ್ನುವ ಒಂದು ಪೆಟ್ಟಿಗೆ, ಒಳಗೆ ವಾಲ್ವುಗಳು, ಸೆನ್ಸರುಗಳು, ಕಂಪ್ಯೂಟರ್ ಎಲ್ಲಾ ಒಟ್ಟಿಗೆ. ಹೆದ್ದಾರಿಯಲ್ಲಿ ಇದಕ್ಕೆ ಆಯಾಸವೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಗುಂಡಿ ಸರ್ಕಲ್ಲಿನ ಹತ್ತಿರ ಇಂಚಿಂಚೇ ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತಾ ಹೋಗುತ್ತದೆ. ಮೊದಲು ಒಂದರಿಂದ ಎರಡಕ್ಕೆ ಹೋಗುವಾಗ ನಡುಕ ಶುರುವಾಯಿತು. ಆಮೇಲೆ ಒಂದು ಮಧ್ಯಾಹ್ನ ಪಿ.ಬಿ. ರಸ್ತೆಯ ನಟ್ಟನಡುವೆ ಡ್ಯಾಶ್‌ಬೋರ್ಡಿನಲ್ಲಿ ಸ್ಪ್ಯಾನರ್ ಗುರುತು ಮಿನುಗಿತು. ರಿವರ್ಸ್ ಇಲ್ಲ, ಮೊದಲನೇ ಗೇರ್ ಇಲ್ಲ. ಹಿಂದೆ ನಿಂತ ಸಿಟಿ ಬಸ್ಸಿನವನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ನಮ್ಮ ಮೇಸ್ತ್ರಿ ಕೆಲಸಗಾರರು, ಎಂಥಾ ಇಂಜಿನ್ ಆದರೂ ಬಿಚ್ಚಿ ಜೋಡಿಸುತ್ತಾರೆ. ಕಾರಿನ ಕೆಳಗೆ ಬಗ್ಗಿ ನೋಡಿ ಕೈ ಒರೆಸಿಕೊಂಡರು. "ಗೇರ್‌ಬಾಕ್ಸ್ ಇಳಿಸ್ತೀನಿ ಸಾರ್, ಅದೇನು ದೊಡ್ಡದಲ್ಲ. ಏರಿಸಿದ ಮೇಲೆ ಕಂಪ್ಯೂಟರ್ ಒಪ್ಪಬೇಕಲ್ಲ, ಅದು ನನ್ನ ಹತ್ರ ಇಲ್ಲ." ಅವರ ಮಾತು ನೂರಕ್ಕೆ ನೂರು ಸರಿ. ಹೊಸ ಕ್ಲಚ್ ಹಾಕಿದ ಮೇಲೆ ಅದು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಅನ್ನುವುದನ್ನು ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸಿಗೆ ಕಲಿಸಬೇಕು. ಹಾಗಾಗಿ ಕಾರು ಲಾರಿ ಏರಿ 260 ಕಿ.ಮೀ. ದೂರದ ಬೆಂಗಳೂರಿಗೆ ಹೋಯಿತು. ಸಾಗಿಸಿದ್ದಕ್ಕೇ ಹದಿನಾಲ್ಕು ಸಾವಿರ. ಕಂಪನಿ ಸರ್ವೀಸಿನಲ್ಲಿ ಮೂರು ಲಕ್ಷದ ಹತ್ತಿರ ಎಸ್ಟಿಮೇಟ್ ಕೊಟ್ಟರು. ಹೊರಗಿನ ಗ್ಯಾರೇಜಿನಲ್ಲಿ ಮೆಕಾಟ್ರಾನಿಕ್ಸ್ ರಿಪೇರಿ, ಹೊಸ ಕ್ಲಚ್, ಎಣ್ಣೆ ಎಲ್ಲಾ ಸೇರಿ ಒಂದೂವರೆ ಲಕ್ಷಕ್ಕೆ ಮುಗಿಯಿತು. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇರುವ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ 60,000 ಕಿ.ಮೀ.ಗೊಮ್ಮೆ ಎಣ್ಣೆ, ಫಿಲ್ಟರ್ ಬದಲಾಯಿಸಬೇಕು. ಹಿಂದಿನ ಯಜಮಾನರು ಬದಲಾಯಿಸಿದ್ದಕ್ಕೆ ಒಂದು ಬಿಲ್ಲೂ ಇರಲಿಲ್ಲ. ಡೀಲರ್ ಮಾತ್ರ "ಫುಲ್ ಸರ್ವೀಸ್ ರೆಕಾರ್ಡ್ ಇದೆ ಸಾರ್" ಅಂತಲೇ ಮಾರಿದ್ದ.

ಟೈರಿನದೂ ಒಂದು ಗೋಳು. 18 ಇಂಚಿನ ವೀಲು, ಪಟ್ಟಿಯಂಥ ತೆಳು ಟೈರು, ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಜಾತಿ. ಅದಕ್ಕೇ ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇಲ್ಲ. ಹದಡಿ ರಸ್ತೆಯ ಒಂದು ಗುಂಡಿಗೆ ಟೈರಿನ ಪಕ್ಕದ ಗೋಡೆ ಸೀಳಿತು. ಊರೆಲ್ಲಾ ಹುಡುಕಿದರೂ ಆ ಸೈಜ್ ಇಲ್ಲ, ಬೆಂಗಳೂರಿನಿಂದ ಪಾರ್ಸಲ್ ಬರುವವರೆಗೆ ಗಾಡಿ ನಿಂತಲ್ಲೇ ನಿಂತಿತ್ತು. ಹಳ್ಳಿ ಹಂಪುಗಳ ವಿಷಯ ಹೇಳುವುದೇ ಬೇಡ. ಬಣ್ಣ ಇಲ್ಲ, ಬೋರ್ಡ್ ಇಲ್ಲ, ಅಡಿ ಉಜ್ಜಿದ ಸದ್ದು ಕೇಳಿದ ಮೇಲೆಯೇ ಹಂಪ್ ಇತ್ತು ಅಂತ ಗೊತ್ತಾಗುವುದು.

ಈಗ ಕಾಗದಪತ್ರ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಗ್ಗಕ್ಕೆ ಸಿಗುವ ಇಂಥ ಕಾರುಗಳಲ್ಲಿ ದೆಹಲಿ ನಂಬರಿನವು ಬಹಳ. 15 ವರ್ಷ ದಾಟಿದ ಪೆಟ್ರೋಲ್, 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಿಸಬಾರದು ಅನ್ನುವ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ವಯಸ್ಸಾಗುತ್ತಾ ಬಂದ ಗಾಡಿಗಳು ಸಿಕ್ಕಷ್ಟಕ್ಕೆ ದಕ್ಷಿಣಕ್ಕೆ ಬಂದವು. ಹೊರ ರಾಜ್ಯದ ಗಾಡಿಯನ್ನು ಇಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಹಳೆ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು ನಮ್ಮ ಕೆಎ 17 ನಂಬರ್ ಮಾಡಿಸಬೇಕು, ಲೈಫ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ತೆರಿಗೆ ಶೇ 18, ಮೇಲೆ ಸೆಸ್. ವಯಸ್ಸು ನೋಡಿ ಅದರಲ್ಲಿ ಇಳಿಸುತ್ತಾರೆ ನಿಜ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ದುಡ್ಡಿನಿಂದಲ್ಲ, ಕಾರಿನ ಮೂಲ ಬೆಲೆಯಿಂದ. ನನಗೆ ಎರಡು ಲಕ್ಷ ದಾಟಿತು. ಎನ್‌ಒಸಿ "ಮುಂದಿನ ವಾರ" ಅಂದ ಡೀಲರ್ ಹಬ್ಬಗಳ ಮೇಲೆ ಹಬ್ಬ ದಾಟಿಸಿದ. ಅದಷ್ಟೇ ಅಲ್ಲ, 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಸಾಮಾನ್ಯ ಕಾರಿಗೆ 5,000 ರೂಪಾಯಿ ಇದ್ದರೆ ಆಮದು ಕಾರಿಗೆ 40,000. ಈ ವ್ಯತ್ಯಾಸವನ್ನು ಮಾರುವವರು ಯಾರೂ ಬಾಯಿ ಬಿಡಲ್ಲ.

ಇನ್ಶೂರೆನ್ಸ್ ಇದೆಯಲ್ಲ ಅನ್ನಬೇಡಿ. ಇಷ್ಟು ಹಳೆ ಗಾಡಿಗೆ ಜೀರೊ ಡೆಪ್, ಅಂದರೆ ಸವಕಳಿ ಕಳೆಯದೆ ಪಾರ್ಟ್ಸಿನ ದುಡ್ಡು ಕೊಡುವ ಪಾಲಿಸಿ, ಸಿಗುವುದು ಕಷ್ಟ. ಅದಿಲ್ಲದ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಸಾಮಾನಿಗೆ ಅರ್ಧ ದುಡ್ಡು ನಿಮ್ಮದೇ. 10 ವರ್ಷ ದಾಟಿದ ಗಾಡಿಯಾದರೆ ಲೋಹದ ಭಾಗಕ್ಕೂ ಅರ್ಧ ನಿಮ್ಮದೇ.

ಇಷ್ಟಾದರೂ ಬೇಕೇ ಬೇಕು ಅನ್ನುವವರಿಗೆ ನಾಲ್ಕು ಮಾತು. ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ಟೈಮಿಂಗ್ ಚೈನ್ ಸಡಿಲವಾಗಿದ್ದರೆ ತಣ್ಣಗಿರುವ ಇಂಜಿನ್ ಚಾಲೂ ಆದ ಮೊದಲ ಒಂದೆರಡು ಸೆಕೆಂಡ್ ಗಲಗಲ ಸದ್ದು ಬರುತ್ತದೆ, ಬಿಸಿಯಾದ ಮೇಲೆ ಅದು ಅಡಗಿಬಿಡಬಹುದು. ಸ್ಕ್ಯಾನರ್ ಹಾಕಿಸಿದಾಗ ಫಾಲ್ಟ್ ಏನೂ ಇಲ್ಲ ಅಂದರೆ ಸಾಲದು, ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ರೆಡಿನೆಸ್ ಟೆಸ್ಟುಗಳು ಪೂರ್ತಿ ಆಗಿವೆಯಾ ಅಂತಲೂ ಕೇಳಿ. ಆಗಿಲ್ಲದಿದ್ದರೆ ಯಾರೋ ಈಚೆಗೆ ಫಾಲ್ಟ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಕಿತ್ತಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಕಿ.ಮೀ. ಮೀಟರ್ ನಂಬಬೇಡಿ, ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವೀಸಿನಲ್ಲಿ ಹಳೆ ದಾಖಲೆ ಕೇಳಿ. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಕಾರಿನ ಬೆಲೆಯ ಅರ್ಧದಷ್ಟು ಬೇರೆಯಾಗಿ ಬ್ಯಾಂಕಿನಲ್ಲಿ ಇಲ್ಲದಿದ್ದರೆ ಸುಮ್ನೆ ಐ20 ಎನ್ ಲೈನ್ ಥರದ್ದು ತಗೊಳ್ಳಿ. 1 ಲೀಟರ್ ಟರ್ಬೊ, 120 ಪಿಎಸ್, ಮ್ಯಾನ್ಯುಯಲ್ ಗೇರೂ ಉಂಟು, ಕೆಟ್ಟರೆ ಊರಲ್ಲೇ ರಿಪೇರಿ.

ನನ್ನದೂ ಮಾರಾಟಕ್ಕಿದೆ. ಗೇರ್‌ಬಾಕ್ಸ್ ಕೆಲಸ ಆಗಿದೆ, ಹೆಡ್‌ಲೈಟ್ ಹಾಗೇ ಇದೆ, ಬಿಲ್ಲುಗಳೆಲ್ಲ ಫೈಲಿನಲ್ಲಿವೆ. ನೋಡುವವರು ನಿಮ್ಮ ಮೇಸ್ತ್ರಿಯನ್ನೂ ಕರೆದುಕೊಂಡು ಬೆಳಿಗ್ಗೆ ಏಳರೊಳಗೆ ಬನ್ನಿ, ಇಂಜಿನ್ ತಣ್ಣಗಿರುತ್ತದೆ.